ಹೇಳುವುದಿಲ್ಲ ಎಂದವಳ ಮನೆಯಲ್ಲಿ ಹತ್ತು ದಿನ

ರೋಹಿಣಿ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಊರಿನಲ್ಲಿ ಎಲ್ಲರೂ ಅರಮನೆಯ ಬಗ್ಗೆಯೇ ಕೇಳುತ್ತಾರೆ. ನಾನು ಅರಮನೆಯನ್ನು ನೋಡಲಿಲ್ಲ. ಲಂಡನ್ನಿನಲ್ಲಿ ಇದ್ದದ್ದು ಒಂದು ರೈಲಿನಿಂದ ಇಳಿದು ಇನ್ನೊಂದನ್ನು ಹತ್ತುವಷ್ಟು ಹೊತ್ತು. ಉಳಿದ ಹತ್ತು ದಿನವನ್ನು ಯಾರ್ಕ್‌ಷೈರ್ ಸೀಮೆಯ ಒಂದು ಪುಟ್ಟ ಊರಿನಲ್ಲಿ, ನಿವೃತ್ತಳಾದ ಬಸ್ ಚಾಲಕಿಯೊಬ್ಬಳ ಮನೆಯಲ್ಲಿ ಕಳೆದೆ. ಹೋದದ್ದು ಆರುನೂರು ವರ್ಷ ಹಳೆಯ ಕಥನಕಾವ್ಯಗಳನ್ನು ಕೇಳುವುದಕ್ಕೆ.

ಹಾಸನ ಬಿಟ್ಟು ದೆಹಲಿಗೆ ಬಂದು ನನಗೆ ಹದಿನೆಂಟು ವರ್ಷವಾಯಿತು. ಮನೆ ರೋಹಿಣಿ ಬಡಾವಣೆಯಲ್ಲಿ, ಕೆಲಸ ಘಾಜಿಯಾಬಾದಿನ ಒಂದು ಕಾಲೇಜಿನಲ್ಲಿ. ಒಂದೇ ಮೆಟ್ರೊ ಅತ್ತಲಿಂದ ಇತ್ತ ಕರೆದೊಯ್ಯುತ್ತದೆ; ಕೂರಲು ಜಾಗ ಸಿಕ್ಕ ದಿನ ಅದೇ ನನ್ನ ಓದುಕೋಣೆ. ಪಿಎಚ್‌ಡಿಯ ಬಹುಭಾಗವನ್ನು ನಾನು ಮೆಟ್ರೊದಲ್ಲೇ ಬರೆದೆ. ವಿಷಯ, ಮಧ್ಯಯುಗದ ಇಂಗ್ಲಿಷ್ ಕಥನಕಾವ್ಯಗಳಲ್ಲಿ ಕವಿಗಳು ಬಳಸುವ ಅಲಂಕಾರಗಳು ಮತ್ತು ಮಾತಿನ ವರಸೆಗಳು. ಕಥೆಯ ನಡುವೆ ಕವಿ ಸಭೆಯತ್ತ ತಿರುಗಿ ಕೇಳಿರಿ ಎನ್ನುವುದು, ನಾನು ದಡ್ಡ, ನನಗೆ ಚಂದದ ಮಾತು ಬಾರದು ಎಂದು ಚಂದವಾಗಿ ಹೇಳಿಕೊಳ್ಳುವುದು, ನಾಯಕಿಯನ್ನು ಹಣೆಯಿಂದ ಹಿಮ್ಮಡಿಯವರೆಗೆ ವರ್ಣಿಸುವುದು. ಇವುಗಳಲ್ಲಿ ಒಂದು ವರಸೆಯಂತೂ ನನಗೆ ಸಿಟ್ಟು ತರಿಸುತ್ತಿತ್ತು. ಆ ಔತಣದ ವಿಷಯ ನಾನು ಹೇಳುವುದಿಲ್ಲ ಎಂದು ಶುರುಮಾಡಿ, ಯಾವ ಹಕ್ಕಿಯನ್ನು ಹುರಿದರು, ಯಾರು ಬಡಿಸಿದರು ಎಂಬುದನ್ನೆಲ್ಲ ಕವಿ ನಲವತ್ತು ಸಾಲು ಹೇಳುತ್ತಾನೆ. ಲ್ಯಾಟಿನ್ ಪಠ್ಯಪುಸ್ತಕ ಉರುಹೊಡೆದವರ ಕಸರತ್ತು ಇದು, ಕಥೆಗೆ ಇದರಿಂದ ಯಾವ ಉಪಯೋಗವೂ ಇಲ್ಲ ಎಂದು ನನ್ನ ನಾಲ್ಕನೆಯ ಅಧ್ಯಾಯದಲ್ಲಿ ಖಡಾಖಂಡಿತವಾಗಿ ಬರೆದಿದ್ದೆ.

ಆ ಅಧ್ಯಾಯದ ಆಧಾರದ ಮೇಲೆಯೇ ನನಗೆ ಇಂಗ್ಲೆಂಡಿನ ಆ ಊರಿನಿಂದ ಆಹ್ವಾನ ಬಂದಿತ್ತು. ಒಂದು ವಾರ ಕಾವ್ಯವಾಚನ, ಕೊನೆಯ ಶನಿವಾರ ನಾನು ಊರಿನವರ ಮುಂದೆ ಪ್ರಬಂಧ ಓದಬೇಕು. ವಾಪಸು ಬಂದ ಎರಡು ತಿಂಗಳಿಗೆ ಮಹಾಪ್ರಬಂಧ ಸಲ್ಲಿಸುವ ಕೊನೆಯ ದಿನ. ಕೇಳಬಹುದಾದ ಗಡುವುಗಳನ್ನೆಲ್ಲ ನಾನು ಆಗಲೇ ಕೇಳಿ ಮುಗಿಸಿದ್ದೆ.

ಎಂಟನೆಯ ಕ್ಲಾಸಿನ ಮಗಳು ಇಂಚರಾ ಸೂಟ್‌ಕೇಸಿನ ಮೇಲೆ ಕುಳಿತು ಕೇಳಿದಳು. “ಅಮ್ಮಾ, ಪೊಯೆಟ್ರಿ ಕೇಳಕ್ಕೆ ಅಷ್ಟು ದೂರ? ಸಚ್ಚೀ? ಫೋನಲ್ಲಿ ಸಿಗಲ್ವಾ?”

ಸ್ವಲ್ಪ ಏಳು, ಜಿಪ್ ಹಾಕಬೇಕು ಎಂದೆ.

ಭಾನುವಾರ, ನಿಲ್ದಾಣ

ಇಳಿದ ಕೂಡಲೇ ಫಜೀತಿ. ನನ್ನನ್ನು ಕರೆದೊಯ್ಯಲು ಯಾರೋ ಹೆಸರಿನ ಫಲಕ ಹಿಡಿದು ನಿಂತಿರುತ್ತಾರೆಂದು ಹೇಳಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಇದ್ದ ಒಂದೇ ಫಲಕದಲ್ಲಿ ಶೀಲಾ ಎಂದಿತ್ತು. ನಾನು ಶೈಲಾ. ಯಾರೋ ಬೇರೆ ಹೆಂಗಸು ಇರಬೇಕೆಂದು ಎರಡು ಸಲ ಅದರ ಮುಂದೆಯೇ ಹಾದುಹೋದೆ. ಜನರೆಲ್ಲ ಹೊರಟುಹೋದ ಮೇಲೆ ಉಳಿದದ್ದು ನಾವಿಬ್ಬರೇ. ಗಿಡ್ಡ ಬಿಳಿಗೂದಲಿನ, ಗಟ್ಟಿ ಮೈಕಟ್ಟಿನ ಆ ಮುದುಕಿ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಮೂರನೆಯ ಸಲವೂ ಹೀಗೇ ಹೋಗುತ್ತೀಯೋ ಏನೋ ಎಂದು ನೋಡುತ್ತಿದ್ದೆ ಎಂದಳು. ಆಕೆಯೇ ಡೊರೊಥಿ, ನನ್ನ ಮನೆಯೊಡತಿ. ವಯಸ್ಸು ಎಪ್ಪತ್ತಾರು. ಹೆಸರು ಹಿಡಿದೇ ಕರೆಯಬೇಕೆಂದು ತಾಕೀತು ಮಾಡಿದಳು. ತಾಯಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಎರಡು ದಿನ ಒಪ್ಪಲಿಲ್ಲ. ದೆಹಲಿಯಲ್ಲಾಗಿದ್ದರೆ ಆಂಟಿ ಎಂದು ಪಾರಾಗುತ್ತಿದ್ದೆ.

ಆ ಊರಿನಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಯೂ ಹೇಳುತ್ತಾರೆ. ಶಾಲೆಯ ಮಕ್ಕಳೂ ಹೇಳುತ್ತಾರೆ, ಕೋಲು ಊರುವ ಮುದುಕರೂ ಹೇಳುತ್ತಾರೆ. ರೋಹಿಣಿಯಲ್ಲಿ ನಾನೊಮ್ಮೆ ಇ-ರಿಕ್ಷಾದ ಭಯ್ಯಾನಿಗೆ ಹಾಗೆ ಹೇಳಿದಾಗ, ಗೇಲಿ ಮಾಡುತ್ತಿದ್ದೇನೆಂದು ಅವನು ಮುಖ ಗಂಟಿಕ್ಕಿದ್ದ. ಇಲ್ಲಿ ಅಂಗಡಿಯವನಿಂದ ಟಿಕೆಟ್ ನೋಡುವವಳವರೆಗೆ ಎಲ್ಲರೂ ನನ್ನನ್ನು ಲವ್ ಎಂದೇ ಕರೆದರು. ಮೊದಲ ಸಲ ಬೆಚ್ಚಿಬಿದ್ದೆ. ನಮ್ಮಲ್ಲಿ ತರಕಾರಿಯವಳು ಅಕ್ಕಾ ಎಂದಂತೆ, ಅಷ್ಟೇ, ಎಂದು ಡೊರೊಥಿಯ ವಿವರಣೆಯಿಂದ ತಿಳಿಯಿತು. ಅವಳ ಬಚ್ಚಲಿನಲ್ಲಿ ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ, ನಡುವೆ ಒಂದು ಮೊಳ ಅಂತರ. ಒಂದು ಸುಡುತ್ತದೆ, ಇನ್ನೊಂದು ಮರಗಟ್ಟಿಸುತ್ತದೆ. ಇಷ್ಟು ಬುದ್ಧಿವಂತ ಜನ ಇವೆರಡನ್ನು ಯಾಕೆ ಒಂದು ಮಾಡಲಿಲ್ಲವೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸೋಮವಾರ, ಚರ್ಚಿನ ಪಕ್ಕದ ಸಭಾಂಗಣ

ವಿದ್ವಾಂಸರ ಸಭೆ ಎಂದುಕೊಂಡು ಹೋದವಳಿಗೆ ಅಲ್ಲಿ ಸಿಕ್ಕವರು ನಿವೃತ್ತ ಅಂಚೆಯಣ್ಣ, ಮಾಂಸದಂಗಡಿಯವನ ಹೆಂಡತಿ, ಇಬ್ಬರು ನರ್ಸುಗಳು. ಮೂವತ್ತು ಜನರಲ್ಲಿ ಅರ್ಧದಷ್ಟು ಊರಿನವರೇ. ಪ್ರತಿ ಬೇಸಿಗೆಯಲ್ಲಿ ಒಂದು ವಾರ ಬಂದು ಹಳೆಯ ಕಾವ್ಯ ಕೇಳುತ್ತಾರಂತೆ. ಗಮಕ ಕೇಳಲು ನಮ್ಮೂರಿನಲ್ಲಿ ಹಿಂದೆ ಹೀಗೆಯೇ ದಿನಸಿ ಅಂಗಡಿಯವರೂ ದರ್ಜಿಯೂ ಬಂದು ಕೂರುತ್ತಿದ್ದದ್ದು ನೆನಪಾಯಿತು. ಈಗ ಎಷ್ಟು ಕಡೆ ಕೂರುತ್ತಾರೋ ಗೊತ್ತಿಲ್ಲ.

ವಾಚನ ನಡೆಸುತ್ತಿದ್ದವರು ಹ್ಯೂ ಎಂಬ ಮೇಷ್ಟ್ರು. ಉದ್ದನೆಯ ಆಳು, ಮೊಣಕೈಯಲ್ಲಿ ಸವೆದ ಸ್ವೆಟರು. ನಾವು ತಂದಿದ್ದ ಪುಸ್ತಕಗಳನ್ನೆಲ್ಲ ಮುಚ್ಚಿಸಿ, ಮೊದಲು ಕಿವಿ ಕೊಡಿ, ಕಣ್ಣು ಆಮೇಲೆ ಎಂದು ನಿಂತೇ ಓದತೊಡಗಿದರು. ಆ ಕಾವ್ಯದಲ್ಲಿ ಸಾಲಿನ ಕೊನೆಗೆ ಪ್ರಾಸವಿಲ್ಲ. ಒಂದು ಸಾಲಿನಲ್ಲಿ ಒತ್ತಿ ಹೇಳುವ ಮೂರು ನಾಲ್ಕು ಪದಗಳು ಒಂದೇ ಅಕ್ಷರದಿಂದ ಶುರುವಾಗುತ್ತವೆ, ನಡುವೆ ಒಂದು ಉಸಿರು. ಇದನ್ನು ನಾನು ನೂರಾರು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸಿದ್ದೇನೆ. ಕೇಳಿದ್ದು ಅದೇ ಮೊದಲು. ಇಬ್ಬರು ಎದುರುಬದುರು ನಿಂತು ಒನಕೆ ಹಾಕಿದ ಹಾಗೆ ಪೆಟ್ಟಿಗೆ ಪೆಟ್ಟು ಬೀಳುತ್ತಿತ್ತು. ಚಳಿಗಾಲದ ಕಾಡಿನಲ್ಲಿ ಒಬ್ಬ ಸವಾರ ಒಂಟಿಯಾಗಿ ಹೋಗುವ ಭಾಗ. ಅರ್ಥವಾಗದ ಪದಗಳಿದ್ದವು, ಆದರೂ ಚಳಿ ಹತ್ತಿತು.

ನಿಮ್ಮ ಭಾಷೆಯಲ್ಲಿ ಹೇಗೆ ಎಂದು ಹ್ಯೂ ನನ್ನನ್ನು ಕೇಳಿದರು. ನಮ್ಮಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಬರುತ್ತದೆ ಎಂದು ವಿವರಿಸಿ, ಹೈಸ್ಕೂಲಿನಲ್ಲಿ ಕಲಿತ ಒಂದು ಷಟ್ಪದಿಯನ್ನು ರಾಗವಾಗಿ ಹಾಡಿದೆ. ಎತ್ತರದ ಸ್ವರಕ್ಕೆ ಹೋಗುತ್ತಿದ್ದಂತೆ ಅಂಚೆಯಣ್ಣನ ಕಿವಿಯ ಯಂತ್ರ ಕುಂಯ್ ಎಂದು ಸಿಳ್ಳೆ ಹಾಕಿತು. ಅವರು ಗಾಬರಿಯಾಗಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮುಂದುವರಿಸಿ ಎಂದು ಕೈಸನ್ನೆ ಮಾಡಿದರು. ಯಂತ್ರವಿಲ್ಲದೆ ಅವರಿಗೆ ಏನು ಕೇಳಿಸಿತೋ, ಕೊನೆಯವರೆಗೂ ತಲೆದೂಗಿದರು.

ಮಂಗಳವಾರ, ಡೊರೊಥಿಯ ಅಡುಗೆಮನೆ

ಡೊರೊಥಿ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವಳು. ಕಾವ್ಯವಾಚನಕ್ಕೆ ಅವಳು ಯಾವತ್ತೂ ಹೋದವಳಲ್ಲ. ದೂರದಿಂದ ಬಂದವರಿಗೆ ಮಹಡಿಯ ಕೋಣೆ ಕೊಡುತ್ತಾಳೆ, ಅಷ್ಟೆ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದು ಇಡೀ ವಾರ ಬೇರೆ ಬೇರೆ ಥರದ ಆಲೂಗಡ್ಡೆ ಮಾಡಿದಳು.

ಆ ಸಂಜೆ ಚಹಾ ಬಸಿಯುತ್ತ ಅವಳು, ತನ್ನ ನಾದಿನಿ, ತೀರಿಹೋದ ಗಂಡ ಟಾಮನ ತಂಗಿ ಎಲ್ಸಿಯ ಬಗ್ಗೆ ತಾನು ಒಂದೇ ಒಂದು ಮಾತೂ ಆಡುವುದಿಲ್ಲ ಎಂದಳು. ನಾನು ಕೇಳಿರಲೂ ಇಲ್ಲ. ಆಮೇಲೆ, ತನ್ನ ಮದುವೆಗೆ ಎಲ್ಸಿ ಕಪ್ಪು ಉಡುಪು ಹಾಕಿಕೊಂಡು ಬಂದದ್ದನ್ನು ಹೇಳುವುದಿಲ್ಲ ಎಂದಳು. ಅತ್ತೆಯ ಪಿಂಗಾಣಿ ಚಹಾಪಾತ್ರೆಯನ್ನು ಎರವಲು ಎಂದು ಒಯ್ದು ಮೂವತ್ತು ವರ್ಷ ತನ್ನ ಕಪಾಟಿನಲ್ಲಿಟ್ಟುಕೊಂಡದ್ದು, ಕೊನೆಗೆ ಅದನ್ನು ತನಗೇ ಹುಟ್ಟುಹಬ್ಬದ ಉಡುಗೊರೆಯಾಗಿ ಕಾಗದ ಸುತ್ತಿ ಕೊಟ್ಟದ್ದು, ಅದರ ಮುಚ್ಚಳ ಮಾತ್ರ ಅವಳಲ್ಲೇ ಉಳಿದದ್ದು, ಇದು ಯಾವುದನ್ನೂ ಹೇಳುವವಳು ತಾನಲ್ಲ ಎಂದಳು. ಚಹಾ ಆರಿತು. ನಗು ತಡೆಯಲಾರದೆ ನಾನು ಮೇಜಿನ ಮೇಲೆ ತಲೆಯಿಟ್ಟೆ.

ತಲೆ ಎತ್ತುವಷ್ಟರಲ್ಲಿ ನಗು ನಿಂತಿತ್ತು. ಇದು ನನ್ನ ನಾಲ್ಕನೆಯ ಅಧ್ಯಾಯ. ಲ್ಯಾಟಿನ್ ಓದಿದವರ ಕಸರತ್ತು ಎಂದು ನಾನು ಬರೆದದ್ದನ್ನು, ಲ್ಯಾಟಿನ್ನಿನ ಒಂದಕ್ಷರವೂ ಗೊತ್ತಿಲ್ಲದ ಬಸ್ ಚಾಲಕಿ ನನ್ನೆದುರು ಚಾಚೂ ತಪ್ಪದೆ ಮಾಡಿದ್ದಳು. ಹೀಗೆ ಮಾತಾಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಹೇಗೆ ಮಾತಾಡುವುದನ್ನು ಎಂದು ತಿರುಗಿ ಕೇಳಿದಳು. ಕೋಣೆಗೆ ಹೋಗಿ ಅದೆಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಗುರುವಾರ

ಗುರುವಾರ ಹ್ಯೂ ಓದಿದ್ದು ಕರ್ತೃ ಯಾರೆಂದು ತಿಳಿಯದ ಒಂದು ಕಾವ್ಯ. ಸಾಮಂತನೊಬ್ಬ ಯುದ್ಧಕ್ಕೆ ಹೊರಟಿದ್ದಾನೆ. ಹೆಂಡತಿ ಕೋಟೆಯ ಬಾಗಿಲಲ್ಲಿ ನಿಂತಿದ್ದಾಳೆ. ಆಕೆ ಏನಂದಳೆಂದು ಹೇಳಲಾರೆ ಎನ್ನುತ್ತಾನೆ ಕವಿ. ಲಗಾಮನ್ನು ಹೇಗೆ ಹಿಡಿದಳು, ಅವನ ಬೆರಳುಗಳು ಅದನ್ನು ಹೇಗೆ ಬಿಡಿಸಿಕೊಂಡವು, ಧೂಳು ಅಡಗುವವರೆಗೂ ಅವಳು ಹೇಗೆ ನಿಂತಳು, ಅದನ್ನೆಲ್ಲ ನನ್ನಿಂದ ಕೇಳಬೇಡಿ ಎನ್ನುತ್ತಾನೆ. ನನ್ನ ಅಧ್ಯಾಯದಲ್ಲಿ ಅತಿ ಹೆಚ್ಚು ಬೈಗುಳ ತಿಂದಿದ್ದ ಭಾಗ ಇದೇ. ಹ್ಯೂ ಓದಿ ಮುಗಿಸಿದಾಗ ಒಬ್ಬ ನರ್ಸು ಕರವಸ್ತ್ರ ಹುಡುಕುತ್ತಿದ್ದಳು.

ಜೂನ್ ತಿಂಗಳಾದ್ದರಿಂದ ಅಲ್ಲಿ ರಾತ್ರಿ ಊಟದ ಹೊತ್ತಿಗೂ ಚೆನ್ನಾಗಿ ಬಿಸಿಲಿರುತ್ತದೆ. ಹಿತ್ತಿಲಿನ ಬಾಗಿಲು ತೆರೆದಿಟ್ಟು ನಾವಿಬ್ಬರೂ ಉಣ್ಣುತ್ತಿದ್ದೆವು. ಬಾಗಿಲಲ್ಲಿ ನಿಂತ ಆ ಹೆಣ್ಣಿನ ಕಥೆಯನ್ನು ಡೊರೊಥಿಗೆ ಹೇಳಿದೆ. ಅವಳು ಫೋರ್ಕು ಕೆಳಗಿಟ್ಟಳು. ಹಿತ್ತಿಲ ಕಡೆ ನೋಡುತ್ತ, ಬಸ್ಸಿನ ನಿಲ್ದಾಣಗಳ ಹೆಸರು ಹೇಳುವಷ್ಟೇ ಸಮವಾದ ದನಿಯಲ್ಲಿ ಮಾತಾಡಿದಳು.

“ಟಾಮ್ ಹೋದ ಬೆಳಿಗ್ಗೆಯ ವಿಷಯ ನಾನು ಹೇಳುವುದಿಲ್ಲ. ಅವನು ಮೊಟ್ಟೆ ಬೇಯಿಸಿ ಕೊಡು ಅಂದದ್ದು, ನನಗೆ ಡ್ಯೂಟಿಗೆ ತಡವಾಯಿತು, ನೀನೇ ಬೇಯಿಸಿಕೊ ಅಂತ ನಾನು ಅಂದದ್ದು ಹೇಳುವುದಿಲ್ಲ. ಮಾರುಕಟ್ಟೆಯ ಸ್ಟಾಪಿನಲ್ಲಿ ನಮ್ಮ ಮೇಲಧಿಕಾರಿ ಬಸ್ಸು ಹತ್ತಿ, ಜನರೆದುರು ನನ್ನನ್ನು ಹೆಸರು ಹಿಡಿದು ಕರೆದದ್ದನ್ನೂ ಹೇಳುವುದಿಲ್ಲ. ಮನೆಗೆ ಬಂದಾಗ ಆ ಮೊಟ್ಟೆ ನೀರಿನಲ್ಲೇ ಇತ್ತು. ಅದನ್ನಂತೂ ಯಾರಿಗೂ ಹೇಳಿಲ್ಲ.”

ಆಮೇಲೆ ಎದ್ದು ತಟ್ಟೆಗಳನ್ನು ತೊಳೆದಳು. ಒರೆಸಲು ಬಟ್ಟೆ ತೆಗೆದುಕೊಂಡು ನಾನೂ ಪಕ್ಕದಲ್ಲಿ ನಿಂತೆ. ಅವಳ ದುಃಖದ ಎದುರು ನಾನು ಮಾಡಿದ್ದು ಅಷ್ಟೇ ಆಗಿದ್ದರೆ ಇಲ್ಲಿ ಬರೆಯಲು ನಾಚಿಕೆಯಾಗುತ್ತಿರಲಿಲ್ಲ. ಮಹಡಿಗೆ ಹೋದವಳೇ, ಎರಡು ವರ್ಷ ಕಷ್ಟಪಟ್ಟು ಬರೆದಿದ್ದ ಪ್ರಬಂಧವನ್ನು ಪಕ್ಕಕ್ಕಿಟ್ಟು ಹೊಸದನ್ನು ಶುರುಮಾಡಿದೆ. ಎಲ್ಸಿಯ ಚಹಾಪಾತ್ರೆ ಬಂತು. ಕೋಟೆಯ ಬಾಗಿಲು ಬಂತು. ಟಾಮ್ ಬಂದ, ಮೊಟ್ಟೆ ಸಮೇತ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಡೊರೊಥಿಯನ್ನು ಕೇಳಬೇಕು ಎಂದು ಒಮ್ಮೆಯೂ ಹೊಳೆಯಲಿಲ್ಲ.

ಶುಕ್ರವಾರ

ಮರುದಿನ ಊರಿನ ಗ್ರಂಥಾಲಯದಲ್ಲಿ ಅದರ ಪ್ರಿಂಟ್ ತೆಗೆಸಿ, ಅಡುಗೆಮನೆಯ ಮೇಜಿನ ಮೇಲಿಟ್ಟು, ಹಾಲು ತರಲು ಹೋದೆ. ಹಾದಿಯಲ್ಲೇ ದೆಹಲಿಯ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ, ನಾಲ್ಕನೆಯ ಅಧ್ಯಾಯ ತಪ್ಪು ಸರ್, ಪೂರ್ತಿ ಬದಲಿಸಬೇಕು ಎಂದೆ. ಅವರು ಬೈಯುವ ಜಾತಿಯವರಲ್ಲ. ಹಳೆಯದನ್ನು ಕೊಟ್ಟರೆ ಪದವಿ ಖಂಡಿತ, ಹೊಸದಕ್ಕೆ ತಾವು ಹೊಣೆಯಲ್ಲ, ತಾರೀಖು ಮಾತ್ರ ಒಂದು ದಿನವೂ ಮುಂದೆ ಹೋಗುವುದಿಲ್ಲ ಎಂದು ಶಾಂತವಾಗಿ ಹೇಳಿದರು.

ಹಾಲು ಹಿಡಿದು ಒಳಗೆ ಬಂದರೆ ಡೊರೊಥಿ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕುಳಿತಿದ್ದಳು. ಹಾಳೆಗಳು ಅವಳ ಮುಂದಿದ್ದವು. ಕೊನೆಯ ಹಾಳೆಯನ್ನೂ ಮಗುಚಿ ಇಟ್ಟಿದ್ದಳು.

“ಎರಡು ಮೊಟ್ಟೆ ಅಂತ ಬರೆದಿದ್ದೀಯ,” ಎಂದಳು. “ಒಂದೇ.”

ಕ್ಷಮಿಸಿ ಎಂದೆ. ಇಂಗ್ಲಿಷಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳುವ ಆ ಪದ ಆಗ ಯಾವ ಪ್ರಯೋಜನಕ್ಕೂ ಬರಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

“ನೀನು ಬರೆದದ್ದು ಚೆನ್ನಾಗಿದೆ,” ಎಂದಳು. “ಆದರೆ ನಾಳೆ ಆ ಸಭೆಯಲ್ಲಿ ಕೂರುವವರಿಗೆಲ್ಲ ಟಾಮ್ ಗೊತ್ತು. ಅವನನ್ನು ನಿನ್ನ ಪರೀಕ್ಷೆಗೆ ಕೊಡಲಾರೆ.”

ಟಾಮನ ವಿಷಯವಿದ್ದ ಎರಡು ಹಾಳೆಗಳನ್ನು ಕಟ್ಟಿನಿಂದ ಬಿಡಿಸಿ ಅವಳ ಕೈಗೆ ಕೊಟ್ಟೆ. ಅವಳು ಅವನ್ನು ನಾಲ್ಕಾಗಿ ಮಡಿಸಿ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡಳು. ಎಲ್ಸಿಯ ಭಾಗವನ್ನೂ ತೆಗೆಯಲೇ ಎಂದು ಕೇಳಿದೆ. ಅದು ಇರಲಿ, ಹೆಸರೂ ಇರಲಿ, ಎಲ್ಲರಿಗೂ ಕೇಳಿಸುವ ಹಾಗೆ ಓದು ಎಂದಳು. ಆಮೇಲೆ, ನೀನು ನಿನ್ನ ಭಾಷೆಯಲ್ಲೂ ಬರೆಯುತ್ತೀಯಾ ಎಂದು ಕೇಳಿದಳು. ಬರೆಯುತ್ತೇನೆ ಎಂದೆ. ಹಾಗಾದರೆ ಅಲ್ಲಿ ಬೇಕಾದರೆ ಬರೆದುಕೊ, ಅಲ್ಲಿ ಅವನನ್ನು ನೋಡಿದವರು ಯಾರೂ ಇಲ್ಲವಲ್ಲ ಎಂದಳು. ಅವಳ ಅಪ್ಪಣೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಒಂದೇ ಮೊಟ್ಟೆ.

ಶನಿವಾರ

ಸಭಾಂಗಣ ತುಂಬಿತ್ತು. ಎರಡನೆಯ ಸಾಲಿನಲ್ಲಿ, ಒಳ್ಳೆಯ ಕೋಟು ತೊಟ್ಟು, ಡೊರೊಥಿ ಕುಳಿತಿದ್ದಳು. ಎಲ್ಸಿ ಮಗಳ ಊರಿಗೆ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡೇ ನಾನು ವೇದಿಕೆ ಹತ್ತಿದ್ದೆ.

ನಾನು ಬರೆದ ಅಧ್ಯಾಯ ತಪ್ಪೆಂದು ಹೇಳಲು ಬಂದಿದ್ದೇನೆ ಎಂದೇ ಶುರುಮಾಡಿದೆ. ಈ ವರಸೆಗಳನ್ನು ಪುಟದ ಮೇಲೆ ನೋಡಿ, ಎಣಿಸಿ, ಇವು ಕಥೆಗೆ ಅಡ್ಡ ಬರುತ್ತವೆ ಎಂದುಕೊಂಡಿದ್ದೆ. ಕಿವಿಯಿಂದ ಕೇಳುವವನಿಗೆ ಪುಟ ಹಿಂದೆ ತಿರುಗಿಸುವ ಅನುಕೂಲವಿಲ್ಲ. ಕೇಳಿರಿ ಎಂದು ಕವಿ ಕರೆಯುವುದು ಅವನ ಕೈ ಹಿಡಿದುಕೊಳ್ಳಲು. ಹೇಳುವುದಿಲ್ಲ ಎಂಬ ಮಾತು ಕೇಳುವವನನ್ನು ಹತ್ತಿರಕ್ಕೆ ಎಳೆಯುತ್ತದೆ. ಪಠ್ಯಪುಸ್ತಕಗಳು ಅದಕ್ಕೆ ಹೆಸರಿಟ್ಟವು, ನಿಜ. ಹುಟ್ಟಿದ್ದು ಮಾತ್ರ ಅಡುಗೆಮನೆಗಳಲ್ಲಿ. ಹೀಗೆಂದು ಎಲ್ಸಿಯ ಚಹಾಪಾತ್ರೆಯ ಕಥೆ ಹೇಳಿದೆ. ಸಭೆಯಲ್ಲಿ ಅರ್ಧ ಜನ ಎಲ್ಸಿಯನ್ನು ಬಲ್ಲವರು. ಮುಚ್ಚಳದ ಪ್ರಸಂಗ ಬಂದಾಗ ಅಂಚೆಯಣ್ಣ ಕುರ್ಚಿಯಿಂದ ಜಾರುವುದೊಂದೇ ಬಾಕಿ.

ನಗು ಇಳಿದ ಮೇಲೆ ಹ್ಯೂ ಎದ್ದರು. ಅವರು ಮೆತ್ತಗೆ ಕೇಳಿದರೂ ಪ್ರಶ್ನೆ ಹರಿತವಾಗಿತ್ತು. ನಗಿಸುವ ಮಾತಿಗೆ ಇದನ್ನು ಒಪ್ಪುತ್ತೇನೆ. ಕೋಟೆಯ ಬಾಗಿಲಿನ ಭಾಗ ದುಃಖದ್ದು. ನಿಜವಾದ ದುಃಖದಲ್ಲಿರುವವರು ಹೀಗೆ ಮಾತಾಡುತ್ತಾರೆಯೇ, ಅಥವಾ ಅದು ಕವಿಯ ಕುಶಲತೆ ಮಾತ್ರವೇ? ನಿಮ್ಮ ಹತ್ತಿರ ಆಧಾರ ಇದೆಯೇ?

ಆಧಾರ ಕೋಟಿನ ಗುಂಡಿ ಹಾಕಿಕೊಂಡು ಎರಡನೆಯ ಸಾಲಿನಲ್ಲಿತ್ತು. ನಾನು ಆ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟೆ.

“ಇಲ್ಲ ಸರ್,” ಎಂದೆ. “ನಾನು ಕೊಡಬಹುದಾದ ಆಧಾರ ಇಲ್ಲ.”

ಹ್ಯೂ ತಲೆಯಾಡಿಸಿ ಕೂರುವುದರಲ್ಲಿದ್ದರು. ಮುಖ್ಯವಾದದ್ದೇ ಬಿದ್ದುಹೋಯಿತು, ದೆಹಲಿಗೆ ಬರಿಗೈಯಲ್ಲಿ ಹೋಗುತ್ತೇನೆ ಎಂದು ನಾನು ಹಾಳೆಗಳನ್ನು ಜೋಡಿಸತೊಡಗಿದೆ. ಆಗ ಕುರ್ಚಿ ಸರಿದ ಸದ್ದಾಯಿತು. ಡೊರೊಥಿ ಎದ್ದು ನಿಂತಿದ್ದಳು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದಿದ್ದಳು.

“ನನ್ನ ಟಾಮ್ ಹೋದ ಬೆಳಿಗ್ಗೆಯ ವಿಷಯ ನಾನು ನಿಮಗೆ ಹೇಳುವುದಿಲ್ಲ,” ಎಂದಳು.

ಇನ್ನೂ ಏನೋ ಬರುತ್ತದೆ ಎಂದು ಎಲ್ಲರೂ ಕಾದರು. ಅವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು ಕುಳಿತುಬಿಟ್ಟಳು. ಟಾಮನನ್ನು ಬಲ್ಲ ಆ ಜನರಲ್ಲಿ ಒಬ್ಬರೂ ಅಲುಗಾಡಲಿಲ್ಲ. ಪಕ್ಕದಲ್ಲಿದ್ದ ನರ್ಸು ಅವಳ ಮಡಿಲಿನಲ್ಲಿ ತನ್ನ ಕೈ ಇಟ್ಟಳು. ಹ್ಯೂ ನಿಂತೇ ಇದ್ದರು. ಕೊನೆಗೆ, ಥ್ಯಾಂಕ್ಯೂ ಡೊರೊಥಿ, ಎಂದಷ್ಟೇ ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ನಡೆದುಕೊಂಡು ಹೋದೆವು. ದಾರಿಯಲ್ಲಿ ಅವಳು ಟಾಮನ ವಿಷಯ ಹೇಳಿದಳು. ಈ ಸಲ ನೇರವಾಗಿ. ಅವನು ಎಷ್ಟು ಕೆಟ್ಟದಾಗಿ ಹಾಡುತ್ತಿದ್ದ, ಅವಳ ಬಸ್ಸಿನಲ್ಲೇ ಟಿಕೆಟ್ ಕೊಂಡು ಪ್ರಯಾಣಿಕನಂತೆ ಕೂತು ಹೇಗೆ ಸತಾಯಿಸುತ್ತಿದ್ದ ಎಂದೆಲ್ಲ ಹೇಳುತ್ತ ಎರಡು ಸಲ ನಕ್ಕಳು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಘಾಜಿಯಾಬಾದ್

ವಾಪಸು ಬಂದ ಮೇಲೆ ಎರಡು ತಿಂಗಳು ಮನೆಯ ಅಡುಗೆಯನ್ನು ಗಂಡ ನೋಡಿಕೊಂಡರು. ಕಚೇರಿಯಿಂದ ಬಂದು ಅವರು ಮಾಡುತ್ತಿದ್ದ ಸಾರಿಗೆ ಇಂಚರಾ ಪ್ರತಿದಿನ ಒಂದು ಹೊಸ ಹೆಸರಿಡುತ್ತಿದ್ದಳು. ಮೆಟ್ರೊದಲ್ಲಿ ನಿಂತುಕೊಂಡೂ ಬರೆದೆ. ಕೊನೆಯ ದಿನ, ಕಚೇರಿ ಮುಚ್ಚುವ ಮುಂಚೆ, ಹೊಸ ಅಧ್ಯಾಯದೊಂದಿಗೆ ಮಹಾಪ್ರಬಂಧ ಸಲ್ಲಿಸಿದೆ. ಮಾರ್ಗದರ್ಶಕರು ಅದನ್ನು ಓದಿ, ಆಧಾರಗಳು ಇನ್ನೂ ಸಡಿಲ, ಆದರೆ ನೀವು ಬರೆದದ್ದರಲ್ಲಿ ತಾವು ನಡುವೆ ಎದ್ದುಹೋಗದೆ ಓದಿದ ಅಧ್ಯಾಯ ಇದೊಂದೇ ಎಂದರು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದವರು ಅದೇ ಸಡಿಲ ಜಾಗಕ್ಕೆ ಕೈ ಹಾಕಿ ಒಂದು ಗಂಟೆ ನನ್ನನ್ನು ಬೆವರಿಸಿದರು. ಪಾಸಾದೆ.

ಈಗ ತರಗತಿಯಲ್ಲಿ ನಾನು ಮೊದಲು ಪುಸ್ತಕ ಮುಚ್ಚಿಸುತ್ತೇನೆ. ಹೋದ ವಾರ ಕೋಟೆಯ ಬಾಗಿಲಿನ ಭಾಗವನ್ನು ನಿಂತು ಓದಿದೆ. ಕಾರಿಡಾರಿನಲ್ಲಿ ಗಲಾಟೆ, ಹೊರಗೆ ಹಾರ್ನುಗಳು. ನನ್ನ ಯಾರ್ಕ್‌ಷೈರ್ ಉಚ್ಚಾರಣೆಯನ್ನು ಹ್ಯೂ ಕೇಳಿದ್ದರೆ ಏನನ್ನುತ್ತಿದ್ದರೋ. ಹಿಂದಿನ ಬೆಂಚಿನ ಕೆಲವರು ಫೋನು ನೋಡುತ್ತಿದ್ದರು.

ಮುಂದಿನ ಸಾಲಿನಲ್ಲಿ ಪೂನಂ ಎಂಬ ಹುಡುಗಿ ಕೂರುತ್ತಾಳೆ. ಅವಳ ತಂದೆ ಮಾನೇಸರಿನ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗ ಮಾಡುವ ಕೆಲಸದಲ್ಲಿದ್ದಾರೆ. ವಾರವಿಡೀ ಅಲ್ಲೇ ಇದ್ದು ಭಾನುವಾರ ಮಾತ್ರ ಮನೆಗೆ ಬರುತ್ತಾರೆ. ಎರಡು ವರ್ಷದಲ್ಲಿ ಅವಳು ತರಗತಿಯಲ್ಲಿ ಹಾಜರಿ ಹೇಳಿದ್ದು ಬಿಟ್ಟರೆ ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಓದಿ ಮುಗಿಸಿ, ಬೋರ್ಡಿನ ಮೇಲೆ ಆ ಅಲಂಕಾರದ ಹೆಸರು ಬರೆಯಲು ತಿರುಗಿದೆ.

“ಮೇಡಂ,” ಎಂದಳು ಪೂನಂ. “ವೋ ಗೇಟ್ ವಾಲಾ ಹಿಸ್ಸಾ ಏಕ್ ಬಾರ್ ಔರ್ ಪಢಿಯೇ.”

ಬಳಪ ಕೆಳಗಿಟ್ಟು, ಬಾಗಿಲಿನ ಆ ಭಾಗವನ್ನು ಅವಳಿಗಾಗಿ ಇನ್ನೊಮ್ಮೆ ಓದಿದೆ.